ಸುವಾರ್ತೆಯ ಕಥೆಗಳನ್ನು ಹಣದ ಜಾಡು ಹಿಡಿದು ಓದುವುದು: ಲೂಕ 19ರ ಒಂದು ಅಭ್ಯಾಸ

ಸುವಾರ್ತೆಯ ಕಥೆಗಳನ್ನು ಆರ್ಥಿಕ ನ್ಯಾಯ ಮತ್ತು ಶಾಂತಿಯ ದೃಷ್ಟಿಯಿಂದ ಓದಬೇಕೆನ್ನುವವರು, ಒಂದೊಂದೇ ವಚನವನ್ನು ಕಿತ್ತು ತೆಗೆದು ಅದರಿಂದ ಉಪದೇಶ ಹೊರಡಿಸುವ ರೂಢಿಯನ್ನು ಮೊದಲು ಬಿಡಬೇಕು. ಭೂಮಿ, ಸಾಲ, ಸುಂಕ, ಸೈನ್ಯ ಇವು ಒಂದು ಕಥೆಯಲ್ಲಿ ಹುಟ್ಟಿ ಮುಂದಿನ ಕಥೆಗೆ ಹರಿಯುವ ಸಂಗತಿಗಳು. ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು, ದಪ್ಪಕ್ಷರದ ಉಪಶೀರ್ಷಿಕೆಗಳು ಪ್ರಕಾಶಕರವು. ಎರಡನ್ನೂ ಲೆಕ್ಕಿಸದೆ ಒಂದೇ ಬಾರಿಗೆ ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯದು. ಅಭ್ಯಾಸಕ್ಕೆ ಬೈಬಲಿನಲ್ಲಿರುವ ಲೂಕನ ಸುವಾರ್ತೆಯ 19ನೆಯ ಅಧ್ಯಾಯಕ್ಕಿಂತ ತಕ್ಕದ್ದು ನನಗೆ ಕಂಡಿಲ್ಲ. ಅದು ಯೆರಿಕೋ ಪಟ್ಟಣದ ಸುಂಕದವನಾದ ಜಕ್ಕಾಯನ ಮನೆಯಲ್ಲಿ ಆರಂಭವಾಗಿ ಯೆರೂಸಲೇಮಿನ ದೇವಾಲಯದ ಅಂಗಳದಲ್ಲಿ ನಿಲ್ಲುತ್ತದೆ.

ಓದುವಾಗ ಪಕ್ಕದಲ್ಲಿ ಒಂದು ನೋಟುಪುಸ್ತಕವಿರಲಿ. ಕಥೆಗೆ ಬರುವ ಪ್ರತಿಯೊಬ್ಬನ ಹೆಸರಿನ ಮುಂದೆ ಅವನ ಬಳಿ ಏನಿದೆ, ಅದು ಯಾರಿಂದ ಬಂತು, ಅದರಿಂದ ಯಾರಿಗೆ ಕಡಿಮೆಯಾಯಿತು ಎಂದು ಬರೆಯಿರಿ. ಜಕ್ಕಾಯನ ಮಟ್ಟಿಗೆ ಈ ಲೆಕ್ಕವನ್ನು ಲೂಕನೇ ಕೊಡುತ್ತಾನೆ: ಆತ ಸುಂಕದವರಲ್ಲಿ ಮುಖ್ಯಸ್ಥ, ಐಶ್ವರ್ಯವಂತ. ರೋಮನ್ನರ ಆಳ್ವಿಕೆಯಲ್ಲಿ ಸುಂಕ ವಸೂಲಿಯ ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ಸರ್ಕಾರಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚಾಗಿ ಎತ್ತಿದ್ದು ಗುತ್ತಿಗೆದಾರನ ಲಾಭ. ಹಾಗಿರುವಾಗ ಆತ ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಮೋಸದಿಂದ ಕಿತ್ತುಕೊಂಡಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ಅಂದರೆ ದಾನವೇ ಬೇರೆ, ಮರುಪಾವತಿಯೇ ಬೇರೆ ಎಂದು ಅವನೇ ವಿಂಗಡಿಸುತ್ತಾನೆ. ನಮ್ಮ ಪ್ರಸಂಗಗಳು ಅವನ ಕುಳ್ಳುತನದ ಮೇಲೂ ಯೇಸುವನ್ನು ನೋಡಲು ಅವನು ಹತ್ತಿದ ಮರದ ಮೇಲೂ ಇಷ್ಟು ಹೊತ್ತು ಕಳೆದು, ಈ ಲೆಕ್ಕದ ಭಾಗಕ್ಕೆ ಬರುವಷ್ಟರಲ್ಲಿ ಅವಸರಪಡುವುದು ವಿಚಿತ್ರ.

ನಾಲ್ಕರಷ್ಟು ಎಂಬ ಪ್ರಮಾಣ ಎಲ್ಲಿಂದ ಬಂತೆಂದು ಹುಡುಕುವುದು ಮುಂದಿನ ಕೆಲಸ. ಕುರಿ ಕದ್ದು ಕೊಯ್ದವನು ಅಥವಾ ಮಾರಿದವನು ಒಂದಕ್ಕೆ ನಾಲ್ಕು ಕುರಿ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರದ ಭಾಗವಾದ ವಿಮೋಚನಕಾಂಡ 22:1 ಹೇಳುತ್ತದೆ. ಗುತ್ತಿಗೆಯ ಮರೆಯಲ್ಲಿ ನಡೆದದ್ದನ್ನು ಜಕ್ಕಾಯ ಕಳವಿನ ಲೆಕ್ಕಕ್ಕೆ ಹಾಕಿಕೊಳ್ಳುವುದು ಆಗ ಕಾಣುತ್ತದೆ. ಹಣದ ಮಾತು ಬಂದಾಗಲೆಲ್ಲ ವಿಮೋಚನಕಾಂಡ 22, ಯಾಜಕಕಾಂಡ 25, ಧರ್ಮೋಪದೇಶಕಾಂಡ 15 ಮತ್ತು 24ನ್ನು ತೆರೆದಿಟ್ಟುಕೊಳ್ಳಿರಿ. ಬಡ್ಡಿಯ ನಿಷೇಧ, ಸಾಲದ ಬಿಡುಗಡೆ, ಸೂರ್ಯ ಮುಳುಗುವ ಮುನ್ನ ಕೂಲಿ ಕೊಡಬೇಕೆಂಬ ಕಟ್ಟಳೆ ಎಲ್ಲವೂ ಅಲ್ಲಿವೆ. ಯೇಸು ನ್ಯಾಯದ ಮಾತನ್ನು ಹೊಸದಾಗಿ ತಂದನು, ಯೆಹೂದ್ಯರ ಧರ್ಮದಲ್ಲಿ ಅದು ಇರಲಿಲ್ಲ ಎನ್ನುವ ಓದು ತಪ್ಪಷ್ಟೇ ಅಲ್ಲ, ಇತಿಹಾಸದಲ್ಲಿ ಬಹಳ ಕೇಡು ಮಾಡಿದ ಓದು.

ಇನ್ನು ಈ ಅಧ್ಯಾಯದ ಕಠಿಣ ಭಾಗವಾದ ಮಿನಾಗಳ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಕುಲೀನನೊಬ್ಬ ರಾಜ್ಯಾಧಿಕಾರ ಪಡೆಯಲು ದೂರದೇಶಕ್ಕೆ ಹೋಗುತ್ತಾನೆ. ಅವನನ್ನು ದ್ವೇಷಿಸುವ ಪ್ರಜೆಗಳು ಅವನ ಹಿಂದೆಯೇ ನಿಯೋಗ ಕಳಿಸುತ್ತಾರೆ. ಹತ್ತು ಆಳುಗಳಿಗೆ ಒಂದೊಂದು ಮಿನಾ, ಅಂದರೆ ಸುಮಾರು ನೂರು ದಿನದ ಕೂಲಿಯಷ್ಟು ಹಣ ಕೊಟ್ಟಿರುತ್ತಾನೆ. ಒಂದನ್ನು ಹತ್ತಾಗಿಸಿದವನಿಗೆ ಹತ್ತು ಪಟ್ಟಣಗಳ ಅಧಿಕಾರ ಸಿಗುತ್ತದೆ. ಬಟ್ಟೆಯಲ್ಲಿ ಕಟ್ಟಿಟ್ಟವನು, ನೀನು ಇಡದಿದ್ದನ್ನು ಎತ್ತಿಕೊಳ್ಳುವವನು, ಬಿತ್ತದಿದ್ದನ್ನು ಕೊಯ್ಯುವವನು ಎಂದು ಮುಖಕ್ಕೇ ಹೇಳುತ್ತಾನೆ. ರಾಜನು ಅದನ್ನು ಅಲ್ಲಗಳೆಯುವುದಿಲ್ಲ. ಹಾಗಾದರೆ ಬಡ್ಡಿಗಾದರೂ ಏಕೆ ಹಾಕಲಿಲ್ಲ ಎಂದು ಕೇಳುತ್ತಾನೆ. ಕಡೆಗೆ ತನ್ನ ವಿರೋಧಿಗಳನ್ನು ಕಣ್ಣೆದುರಿಗೇ ಕೊಲ್ಲಿಸಲು ಅಪ್ಪಣೆ ಮಾಡುತ್ತಾನೆ.

ಇಲ್ಲಿ ಅವಸರದಿಂದ ರಾಜನ ಜಾಗದಲ್ಲಿ ದೇವರನ್ನು ಕೂರಿಸಬೇಡಿರಿ. ಮೊದಲು ಇತಿಹಾಸವನ್ನು ನೋಡಿರಿ. ಕ್ರಿ.ಪೂ. 4ರಲ್ಲಿ ಯೂದಾಯದ ಅರಸ ಮಹಾ ಹೆರೋದನು ಸತ್ತ ಮೇಲೆ ಅವನ ಮಗ ಅರ್ಖೆಲಾಯನು ರಾಜಪದವಿ ಬೇಡಲು ರೋಮಿಗೆ ಹೋದದ್ದನ್ನೂ, ಹೊರಡುವ ಮುನ್ನ ಪಸ್ಕವೆಂಬ ಯೆಹೂದ್ಯರ ಹಬ್ಬದಲ್ಲಿ ಸುಮಾರು 3000 ಮಂದಿಯನ್ನು ಕೊಲ್ಲಿಸಿದ್ದನ್ನೂ, ಅವನು ಬೇಡವೆನ್ನಲು 50 ಮಂದಿಯ ಯೆಹೂದ್ಯ ನಿಯೋಗ ಅಗಸ್ಟಸ್ ಚಕ್ರವರ್ತಿಯ ಮುಂದೆ ನಿಂತದ್ದನ್ನೂ ಜೋಸೆಫಸ್ ಎಂಬ ಇತಿಹಾಸಕಾರ ದಾಖಲಿಸಿದ್ದಾನೆ. ಆ ಅರ್ಖೆಲಾಯನೇ ಯೆರಿಕೋವಿನ ಅರಮನೆಯನ್ನು ವೈಭವದಿಂದ ಪುನಃ ಕಟ್ಟಿಸಿದವನು. ಯೇಸು ಈ ಕಥೆ ಹೇಳಿದ್ದು ಯೆರಿಕೋವಿನ ನೆರೆಯಲ್ಲೇ ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ, ಕೇಳುಗರಿಗೆ ಯಾರ ನೆನಪಾಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ದೇವರ ರಾಜ್ಯ ಕೂಡಲೇ ಬಂದುಬಿಡುತ್ತದೆಂದು ಜನ ಭಾವಿಸಿದ್ದರಿಂದ ಈ ಸಾಮ್ಯ ಹೇಳಿದನೆಂದು ಲೂಕನು ಪೀಠಿಕೆ ಹಾಕುವುದರಿಂದ, ರಾಜನೆಂದರೆ ಮರಳಿ ಬರುವ ಕ್ರಿಸ್ತನೇ ಎನ್ನುವ ಸಾಂಪ್ರದಾಯಿಕ ಓದಿಗೂ ಆಧಾರವಿದೆ. ಎರಡು ರೀತಿಯಲ್ಲೂ ಓದಿ ನೋಡಿರಿ. ನನ್ನ ಮಟ್ಟಿಗೆ, ಹಣವನ್ನು ಬಡ್ಡಿಗೆ ಬಿಡದೆ ಬಟ್ಟೆಯಲ್ಲಿ ಕಟ್ಟಿಟ್ಟ ಮೂರನೆಯ ಆಳು ಸೋಮಾರಿಯಲ್ಲ, ಆ ವ್ಯವಹಾರಕ್ಕೆ ಕೈಹಾಕಲು ಒಪ್ಪದವನು. ಬಡ್ಡಿ ತೆಗೆದುಕೊಳ್ಳಬಾರದೆನ್ನುವ ಯಾಜಕಕಾಂಡ 25:36 ಅವನ ಪರವಾಗಿಯೇ ಇದೆ.

ಶಾಂತಿಯ ವಿಷಯ ಈ ಸಾಮ್ಯದ ಬೆನ್ನಿಗೇ ಬರುತ್ತದೆ. 27ನೆಯ ವಚನದಲ್ಲಿ ಕೊಲೆಯ ಅಪ್ಪಣೆ. 28ನೆಯದರಲ್ಲಿ ಯೇಸು ಯೆರೂಸಲೇಮಿನ ದಾರಿ ಹಿಡಿಯುತ್ತಾನೆ, ಮುಂದೆ ಕತ್ತೆಮರಿಯನ್ನು ತರಿಸಿ ಅದರ ಮೇಲೆ ಕೂರುತ್ತಾನೆ. ಈ ಎರಡನ್ನೂ ನಡುವೆ ನಿಲ್ಲಿಸದೆ ಓದಿರಿ. ಆಮೇಲೆ ಪ್ರವಾದಿಯ ಪುಸ್ತಕವಾದ ಜೆಕರ್ಯ 9:9-10ನ್ನು ತೆರೆಯಿರಿ: ಕತ್ತೆಯೇರಿ ಬರುವ ರಾಜನ ಕಾಲದಲ್ಲಿ ರಥಗಳೂ ಯುದ್ಧದ ಬಿಲ್ಲೂ ಇಲ್ಲವಾಗಿ ಜನಾಂಗಗಳಿಗೆ ಸಮಾಧಾನದ ಮಾತು ಕೇಳಿಸುತ್ತದೆ. ಪಟ್ಟಣವು ತನ್ನ ಸಮಾಧಾನಕ್ಕೆ ಬೇಕಾದುದನ್ನು ತಿಳಿಯಲಿಲ್ಲವೆಂದು ಯೇಸು ಅಳುವುದು, ವೈರಿಗಳ ಮುತ್ತಿಗೆಯ ಮಾತು (ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ನಡೆಸಿದ್ದು ಅದನ್ನೇ), ದೇವಾಲಯದ ವ್ಯಾಪಾರಿಗಳನ್ನು ಹೊರಗಟ್ಟುವುದು ಒಂದರ ಹಿಂದೆ ಒಂದು ಬರುತ್ತವೆ. ವ್ಯಾಪಾರಿಗಳಿಗೆ ಯೇಸು ಹೇಳುವ ಕಳ್ಳರ ಗವಿ ಎಂಬ ಮಾತು ಪ್ರವಾದಿ ಯೆರೆಮೀಯನ ಪುಸ್ತಕದ 7ನೆಯ ಅಧ್ಯಾಯದ್ದು. ಅಲ್ಲಿ ಪ್ರವಾದಿಯ ಆರೋಪ ಪರದೇಶಿ, ಅನಾಥ, ವಿಧವೆಯರ ಶೋಷಣೆಯನ್ನು ಕುರಿತದ್ದು. ಹಾಗಾಗಿ ಲೆಕ್ಕದ ಪುಸ್ತಕವನ್ನು ಶಾಂತಿಯ ಭಾಗಕ್ಕೆ ಬಂದಾಗ ಮುಚ್ಚಬೇಡಿರಿ.

ಗುಂಪಿನಲ್ಲಿ ಓದುವುದಾದರೆ, ವಿವರಣೆ ಕೊಡುವ ಪಾದ್ರಿಯವರೋ ಉಪದೇಶಿಯವರೋ ಕೊನೆಗೆ ಮಾತಾಡಲಿ. ಕೂಲಿ, ಸಾಲ, ಬಡ್ಡಿಗಳನ್ನು ಮೈಮೇಲೆ ಅನುಭವಿಸಿದವರು ಮೊದಲು ಮಾತಾಡಲಿ. ಮತ್ತಾಯ 18ರಲ್ಲಿ ಸಾಲಗಾರನನ್ನು ಹೆಂಡತಿ ಮಕ್ಕಳ ಸಮೇತ ಮಾರಿಬಿಡಲು ಅಪ್ಪಣೆಯಾಗುವ ವಚನವನ್ನು, ಜೀತ 1976ರ ಕಾನೂನಿನಿಂದ ರದ್ದಾದ ಈ ನಾಡಿನಲ್ಲಿ, ಅಪ್ಪನೋ ಅಜ್ಜನೋ ಜೀತಕ್ಕಿದ್ದ ಮನೆಯವರು ಓದುವ ರೀತಿಯೇ ಬೇರೆ.

ಇದೇ ಕ್ರಮದಲ್ಲಿ ಮುಂದುವರಿಯಲು ಲೂಕ 20:47ರಿಂದ 21:4ರವರೆಗಿನ ಭಾಗವನ್ನು ಆರಿಸಿಕೊಳ್ಳಿರಿ. ವಿಧವೆಯ ಎರಡು ಕಾಸಿನ ಕಥೆಯನ್ನು ಕಾಣಿಕೆಯ ಭಾನುವಾರಗಳಲ್ಲಿ ಮಾತ್ರ ಕೇಳಿದವರು, ಅದಕ್ಕೆ ತುಸು ಮುಂಚೆಯೇ ವಿಧವೆಯರ ಮನೆಗಳನ್ನು ನುಂಗುವವರ ಬಗ್ಗೆ ಯೇಸು ಎಚ್ಚರಿಸಿರುವುದನ್ನು ಗಮನಿಸಿ, ಆಕೆಯ ಕೈಯಲ್ಲಿ ಎರಡೇ ಕಾಸು ಉಳಿದದ್ದು ಹೇಗೆಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಬೇಕು.