ಸಿಂಗಾಪುರದ ಮಳೆಯ ನಡುವೆ ಸೈಕಲ್: ರೇಡಾರ್ ನೋಡಿ ಹೊರಡುವ ನನ್ನ ಅನುಭವ

ಸೈಕಲ್ ಹತ್ತುವ ಮುಂಚೆ ಟೈರಿನ ಗಾಳಿ ಒತ್ತಿ ನೋಡುತ್ತೇನೆ, ಆಮೇಲೆ ಮಳೆಯ ರೇಡಾರ್ ತೆರೆಯುತ್ತೇನೆ. ಸಿಂಗಾಪುರದಲ್ಲಿ ಇವೆರಡನ್ನೂ ಬಿಡುವ ಹಾಗಿಲ್ಲ. ವರ್ಷದ ಹತ್ತಿರ ಹತ್ತಿರ ಅರ್ಧ ದಿನಗಳಲ್ಲಿ ಇಲ್ಲಿ ಮಳೆ. ಹಾಗಾಗಿ ಮಳೆ ಬರುತ್ತದೋ ಇಲ್ಲವೋ ಎಂದು ಕೇಳುತ್ತಾ ಕೂತರೆ ಮನೆಯಲ್ಲೇ ಉಳಿಯಬೇಕು. ಯಾವ ಮೂಲೆಗೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗೊತ್ತಾದರೆ ಸಾಕು. ದ್ವೀಪ ಪಶ್ಚಿಮದಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ಅಷ್ಟೇ. ಆದರೂ ಪಶ್ಚಿಮದ ಜುರಾಂಗ್‌ನಲ್ಲಿ ಧೋ ಎಂದು ಸುರಿಯುವಾಗ ಈಸ್ಟ್ ಕೋಸ್ಟ್ ಪಾರ್ಕ್‌ನಲ್ಲಿ ಸುಡುಬಿಸಿಲು ಇರುತ್ತದೆ. ಮಲೆನಾಡಿನ ಜಡಿಮಳೆ ನೋಡಿ ಬೆಳೆದವರಿಗೆ ಇದು ಮೊದಮೊದಲು ನಂಬಲಿಕ್ಕೇ ಆಗುವುದಿಲ್ಲ.

ಇಲ್ಲಿನ ಹವಾಮಾನ ಇಲಾಖೆ ರೇಡಾರ್ ಚಿತ್ರವನ್ನು ಎಲ್ಲರಿಗೂ ತೆರೆದಿಟ್ಟಿದೆ. ದ್ವೀಪದ ಸುತ್ತಲಿನ 50 ಕಿಲೋಮೀಟರಿನ ಚಿತ್ರ ಐದೈದು ನಿಮಿಷಕ್ಕೆ ಹೊಸದಾಗುತ್ತದೆ. 240 ಮತ್ತು 480 ಕಿಲೋಮೀಟರಿನ ಚಿತ್ರಗಳೂ ಇವೆ. ರೇಡಾರ್ ಬಿಟ್ಟ ಅಲೆ ಹನಿಗಳಿಗೆ ತಾಗಿ ವಾಪಸ್ ಬರುತ್ತದೆ. ವಾಪಸ್ ಬಂದದ್ದು ಜೋರಾಗಿದ್ದಷ್ಟೂ ಬಣ್ಣ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಏರುತ್ತದೆ. ನಿಂತ ಚಿತ್ರ ಒಂದನ್ನೇ ನೋಡಿ ನಾನು ಏನನ್ನೂ ತೀರ್ಮಾನಿಸುವುದಿಲ್ಲ. ಹಿಂದಿನ ಅರ್ಧ ಗಂಟೆಯ ಚಿತ್ರಗಳನ್ನು ಓಡಿಸಿ ನೋಡುತ್ತೇನೆ. ಮೂಲೆಯಲ್ಲಿ ಬರೆದ ಸಮಯವನ್ನೂ ನೋಡಲೇಬೇಕು. ನೆಟ್‌ವರ್ಕ್ ಸರಿ ಇಲ್ಲದಾಗ ಫೋನು ಹಳೆಯ ಚಿತ್ರವನ್ನೇ ತೋರಿಸುತ್ತಿರುತ್ತದೆ, ಇಪ್ಪತ್ತು ನಿಮಿಷ ಹಳೆಯದಾದರೆ ಅದರಿಂದ ಪ್ರಯೋಜನವಿಲ್ಲ.

ಓಡಿಸಿ ನೋಡುವಾಗ ನಾನು ಹುಡುಕುವುದು ಒಂದೇ: ಈ ಮಳೆ ನಡೆದು ಬರುತ್ತಿದೆಯೋ, ನಿಂತಲ್ಲೇ ಹುಟ್ಟುತ್ತಿದೆಯೋ? ಎರಡಕ್ಕೂ ನನ್ನ ಲೆಕ್ಕ ಬೇರೆ ಬೇರೆ.

ನಡೆದು ಬರುವುದರಲ್ಲಿ ಮುಖ್ಯವಾದದ್ದು ಸುಮಾತ್ರಾ ಸ್ಕ್ವಾಲ್, ಅಂದರೆ ಬಿರುಗಾಳಿ ಹೊತ್ತು ಬರುವ ಮಳೆ. ರಾತ್ರಿ ಸುಮಾತ್ರಾ ದ್ವೀಪದ ಮೇಲೋ ಮಲಾಕ್ಕಾ ಜಲಸಂಧಿಯ ಮೇಲೋ ಗುಡುಗಿನ ಮೋಡಗಳು ಸಾಲುಗಟ್ಟುತ್ತವೆ. ಆ ಸಾಲು ಪೂರ್ವಕ್ಕೆ ಸರಿದು, ಹೆಚ್ಚಾಗಿ ನಸುಕಿನಿಂದ ಮಧ್ಯಾಹ್ನದ ಒಳಗೆ ಸಿಂಗಾಪುರವನ್ನು ದಾಟುತ್ತದೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಇದರ ಕಾಲ. ಅಷ್ಟೂ ತಿಂಗಳು ನಾನು ಬೆಳಿಗ್ಗೆ ಎದ್ದ ತಕ್ಷಣ ಮೊದಲು 240 ಕಿಲೋಮೀಟರಿನ ಚಿತ್ರ ನೋಡುತ್ತೇನೆ. ಪಶ್ಚಿಮದಲ್ಲಿ ಉತ್ತರ-ದಕ್ಷಿಣವಾಗಿ ಬಿಲ್ಲಿನಂತೆ ಬಾಗಿದ ಕೆಂಪು ಪಟ್ಟಿ ಇದ್ದರೆ ಅದೇ. ಅದರ ಮುಂದಿನ ಅಂಚು ಅರ್ಧ ಗಂಟೆಯಲ್ಲಿ ಎಷ್ಟು ಸರಿದಿದೆ ಎಂದು ಅಳೆಯುತ್ತೇನೆ. 20 ಕಿಲೋಮೀಟರ್ ಸರಿದಿದ್ದರೆ ಗಂಟೆಗೆ 40ರ ವೇಗ. ಅಂದರೆ ಪಶ್ಚಿಮ ತುದಿಯ ತುವಾಸ್ ಮುಟ್ಟಿದ ಮೇಲೆ ಪೂರ್ವ ತುದಿಯ ಚಾಂಗಿಗೆ ಬರಲು ಒಂದು ಗಂಟೆಗೂ ಜಾಸ್ತಿ ಹೊತ್ತು ಬೇಕು. ಆ ಹೊತ್ತಿನಲ್ಲಿ ಪೂರ್ವದಲ್ಲೇ ಇರುವ ಬೆಡೋಕ್‌ನಿಂದ ಚಾಂಗಿ ಕಡೆಗೆ ಒಂದು ಸುತ್ತು ಹೊಡೆದು ಬಂದು, ಹಾಕರ್ ಸೆಂಟರ್‌ನಲ್ಲಿ, ಅಂದರೆ ಒಂದೇ ಸೂರಿನಡಿಯ ತಿಂಡಿ ಅಂಗಡಿಗಳ ಸಾಲಿನಲ್ಲಿ, ಕೋಪಿ (ಇಲ್ಲಿನ ಕಾಫಿ) ಕುಡಿಯುತ್ತಾ ಮಳೆ ನೋಡಬಹುದು. ಈ ಲೆಕ್ಕ ಸರಿಹೊಂದಿದಾಗ ಆಗುವ ಖುಷಿಯೇ ಬೇರೆ.

ಆದರೆ ಲೆಕ್ಕದಲ್ಲಿ ಹದಿನೈದು ನಿಮಿಷ ಕಡಿಮೆಯೇ ಹಿಡಿಯುತ್ತೇನೆ, ಯಾಕೆಂದರೆ ಗಾಳಿ ಮಳೆಗಿಂತ ಮುಂಚೆ ಬರುತ್ತದೆ. ಸೆಖೆ ಥಟ್ಟನೆ ಇಳಿದು ತಣ್ಣನೆಯ ಗಾಳಿ ಬೀಸಿತು ಅಂದರೆ ರೇಡಾರ್ ಏನೇ ತೋರಿಸಲಿ, ನಾನು ಸೈಕಲ್ ಇಳಿಯುತ್ತೇನೆ. ಸ್ಕ್ವಾಲ್‌ನ ಗಾಳಿ ಸಾಮಾನ್ಯವಾಗಿ ಗಂಟೆಗೆ 40ರಿಂದ 80 ಕಿಲೋಮೀಟರ್ ವೇಗದ್ದು. 1984ರ ಏಪ್ರಿಲ್‌ನಲ್ಲಿ ತೆಂಗಾ ಎಂಬಲ್ಲಿ 144 ಕಿಲೋಮೀಟರ್ ದಾಟಿದ ದಾಖಲೆಯಿದೆ. 2024ರ ಸೆಪ್ಟೆಂಬರ್ 17ರಂದು ಬಂದ ಸ್ಕ್ವಾಲ್‌ನಿಂದ ಸುಮಾರು 300 ಮರಗಳಿಗೆ ಹಾನಿಯಾಯಿತು. ಅದು ಬಂದದ್ದು ಬೆಳಿಗ್ಗೆಯಲ್ಲ, ಸಂಜೆ. ಆದ್ದರಿಂದ ಗಡಿಯಾರ ನೋಡಿ ಸ್ಕ್ವಾಲ್ ಇಲ್ಲ ಎಂದುಕೊಳ್ಳುವಂತಿಲ್ಲ. ಕೆಂಪು ಪಟ್ಟಿ ದಾಟಿದ ಮೇಲೂ ಹಿಂದೆ ಹಸಿರು ಬಾಲ ಉದ್ದಕ್ಕೆ ಇರುತ್ತದೆ. ಅದು ಸೋನೆಮಳೆ. ಸೋನೆಯಲ್ಲವೇ ಎಂದು ಹೊರಡಬೇಡಿ, ಅದರಲ್ಲೂ ಸಿಡಿಲು ಇರುತ್ತದೆ.

ನಿಂತಲ್ಲೇ ಹುಟ್ಟುವ ಮಳೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಮಧ್ಯಾಹ್ನಗಳದ್ದು. ಮೇಲಿನ ಗಾಳಿ ಮಂದ, ನೆಲ ಕಾದಿರುತ್ತದೆ, ಬೇರೆ ಬೇರೆ ದಿಕ್ಕಿನ ಕಡಲ ಗಾಳಿಗಳು ಒಳನಾಡಿನಲ್ಲಿ ಬಂದು ಸೇರುತ್ತವೆ. ಒಂದು ಗಂಟೆಗೆ ರೇಡಾರ್ ಪೂರ್ತಿ ಖಾಲಿ, ಒಂದೂವರೆಗೆ ದ್ವೀಪದ ನಡುವಿನ ಬುಕಿತ್ ತಿಮಾ ಮೇಲೆ ಕೆಂಪು ಚುಕ್ಕೆ! ರೇಡಾರ್‌ಗೆ ಕಾಣುವುದು ಹನಿ. ಹನಿ ಕಟ್ಟುವ ಮುಂಚೆ ಬೆಳೆಯುತ್ತಿರುವ ಮೋಡ ಅದಕ್ಕೆ ಕಾಣುವುದಿಲ್ಲ, ನಮ್ಮ ಕಣ್ಣಿಗೆ ಕಾಣುತ್ತದೆ. ಈ ತಿಂಗಳುಗಳಲ್ಲಿ ನಾನು ಫೋನಿಗಿಂತ ಆಕಾಶವನ್ನೇ ಜಾಸ್ತಿ ನೋಡುತ್ತೇನೆ. ಹೂಕೋಸಿನಂತಹ ಮೋಡ ಮೇಲಕ್ಕೆ ಉಬ್ಬುತ್ತಾ ತಳ ಕಪ್ಪಾಗುತ್ತಿದ್ದರೆ ಆ ದಿಕ್ಕಿಗೆ ಹೋಗುವುದಿಲ್ಲ. ಚುಕ್ಕೆ ಮೂಡಿದ ಮೇಲೆ ಮತ್ತೆ ರೇಡಾರ್ ಉಪಯೋಗಕ್ಕೆ ಬರುತ್ತದೆ. ಇಂಥ ಒಂದೊಂದು ಮೋಡದ ಆಯಸ್ಸು ಅರ್ಧದಿಂದ ಒಂದು ಗಂಟೆ. ಅದು ಸುರಿದು ಮುಗಿಯುವಾಗ ಕೆಳಗಿಳಿದ ತಂಪು ಗಾಳಿ ಸುತ್ತಲೂ ಹರಡಿ, ಪಕ್ಕದಲ್ಲೇ ಇನ್ನೊಂದು ಮೋಡವನ್ನು ಎಬ್ಬಿಸುತ್ತದೆ. ಆದ್ದರಿಂದ ಚುಕ್ಕೆ ಮಾಸುತ್ತಿದೆ ಎಂದು ಸಮಾಧಾನ ಪಡದೆ, ಅದರ ಅಂಚಿನಲ್ಲಿ ಹೊಸದು ಮೂಡುತ್ತಿದೆಯೇ ಎಂದು ನೋಡುತ್ತೇನೆ. ಇಂಥ ದಿನಗಳಲ್ಲಿ ದೂರದ ದಾರಿ ಬೇಡ. ಫ್ಲೈಓವರ್ ಅಥವಾ ಹೆಚ್‌ಡಿಬಿ (ಸರ್ಕಾರಿ ವಸತಿ) ಕಟ್ಟಡ ಹತ್ತು ನಿಮಿಷದೊಳಗೆ ಸಿಗುವಂಥ ದಾರಿ ಹಿಡಿಯುತ್ತೇನೆ. ಆ ಕಟ್ಟಡಗಳ ತಳದ ತೆರೆದ ಅಂಗಳ, ಇಲ್ಲಿನವರು ವಾಯ್ಡ್ ಡೆಕ್ ಎನ್ನುವುದು, ಮಳೆಯಲ್ಲಿ ಸಿಕ್ಕಿದವರಿಗೆ ದೊಡ್ಡ ಉಪಕಾರ.

ಡಿಸೆಂಬರ್-ಜನವರಿಯ ಈಶಾನ್ಯ ಮಾನ್ಸೂನ್‌ನಲ್ಲಿ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 480 ಕಿಲೋಮೀಟರಿನ ಚಿತ್ರದಲ್ಲಿ ದಕ್ಷಿಣ ಚೀನಾ ಸಮುದ್ರದ ಕಡೆಯಿಂದ ಹಸಿರು-ಹಳದಿ ಹರಡಿಕೊಂಡು ಬಂದರೆ, ಬಿಟ್ಟು ಬಿಟ್ಟು ಒಂದೆರಡು ದಿನ ಸುರಿಯುತ್ತದೆ. ಸುಮ್ನೆ ಮನೆಯಲ್ಲಿ ಚೈನಿಗೆ ಎಣ್ಣೆ ಹಾಕುವುದು ವಾಸಿ.

ಸಿಡಿಲಿನ ವಿಷಯದಲ್ಲಿ ಮಾತ್ರ ನಾನು ಯಾವ ಲೆಕ್ಕಾಚಾರಕ್ಕೂ ಹೋಗುವುದಿಲ್ಲ. ಮಳೆಯ ರೇಡಾರ್ ಸಿಡಿಲನ್ನು ತೋರಿಸುವುದಿಲ್ಲ, ಅದಕ್ಕೆ ಬೇರೆ ನಕ್ಷೆ ಇದೆ. ಮಳೆಯ ಅಂಚಿನಿಂದ ಕೆಲವು ಕಿಲೋಮೀಟರ್ ಆಚೆ, ಒಣ ನೆಲದ ಮೇಲೂ ಸಿಡಿಲು ಬೀಳಬಹುದು. ಗುಡುಗು ಕಿವಿಗೆ ಬಿದ್ದರೆ ಒಳಗೆ ಸೇರುತ್ತೇನೆ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯುತ್ತೇನೆ. ಕಡಲ ದಂಡೆಯ ಮರದ ಕೆಳಗೆ ಸೈಕಲ್ ಹಿಡಿದು ನಿಂತವರನ್ನು ಕಂಡರೆ ಕರೆದು ಹೇಳಿಯೇ ಮುಂದೆ ಹೋಗುತ್ತೇನೆ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಚಿತ್ರ ಖಾಲಿಯಾದ ಮೇಲೂ ಕಾಲುವೆ ಪಕ್ಕದ ತಗ್ಗಿನ ದಾರಿಗೆ ತಕ್ಷಣ ಇಳಿಯುವುದಿಲ್ಲ. ಮೇಲೆಲ್ಲೋ ಸುರಿದ ನೀರು ಅಲ್ಲಿಗೆ ಆಮೇಲೆ ಬರುತ್ತದೆ. ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಉದುರಿದ ಎಲೆ ಎಲ್ಲವೂ ಜಾರುತ್ತವೆ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು, ತಿರುವಿನಲ್ಲಿ ಬಿಟ್ಟು ಸಾಗುತ್ತೇನೆ.