ಮಲೆನಾಡಿನ ಮನೆಯಲ್ಲಿ ಮೈನ್‌ಕ್ರಾಫ್ಟ್ ಸರ್ವರ್: ಕಟ್ಟಿ ನಡೆಸುವುದು ಹೇಗೆ?

ಗೆಳೆಯರೆಲ್ಲ ಸೇರಿ ಕಟ್ಟಿದ ಮೈನ್‌ಕ್ರಾಫ್ಟ್ ಲೋಕ ಒಬ್ಬರ ಲ್ಯಾಪ್‌ಟಾಪಿನಲ್ಲಿ ಇದ್ದರೆ, ಅವರು ಮುಚ್ಚಿಟ್ಟು ಮಲಗಿದ ಕೂಡಲೇ ಉಳಿದವರ ಆಟವೂ ಮುಗಿಯಿತು. ಸದಾ ಓಡುವ ಪ್ರತ್ಯೇಕ ಸರ್ವರ್ ಇದಕ್ಕೆ ಪರಿಹಾರ. ಶಿವಮೊಗ್ಗ ಪೇಟೆಯಲ್ಲೂ ಇಡಬಹುದು, ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಯಲ್ಲೂ ಇಡಬಹುದು. ಸಾಫ್ಟ್‌ವೇರ್ ಹಾಕುವುದು ಒಂದು ಸಂಜೆಯ ಕೆಲಸ. ನಮ್ಮ ಕಡೆ ಹೆಚ್ಚು ಗಮನ ಬೇಡುವುದು ಕರೆಂಟು, ಸಿಡಿಲು ಮತ್ತು ಇಂಟರ್ನೆಟ್ ಸಂಪರ್ಕದ ಬಗೆ.

ದುಡ್ಡು ಹಾಕುವ ಮೊದಲು

ರೂಟರಿನ ಪುಟ ತೆರೆದು ವ್ಯಾನ್ ಐಪಿ (ರೂಟರಿನ ಹೊರ ವಿಳಾಸ) ಎಂದಿರುವ ಸಂಖ್ಯೆ ಬರೆದುಕೊಳ್ಳಿ. ನಂತರ ಅದೇ ಸಂಪರ್ಕದಲ್ಲಿ ಬ್ರೌಸರ್ ತೆರೆದು 'ನನ್ನ ಐಪಿ ಏನು' ಎಂದು ಹುಡುಕಿ. ಎರಡೂ ಒಂದೇ ಆಗಿದ್ದರೆ ಅದೃಷ್ಟ. ಬೇರೆಯಾಗಿದ್ದು, ರೂಟರಿನದು 10ರಿಂದಲೋ, 100.64ರಿಂದ 100.127ರ ನಡುವಿನ ಸಂಖ್ಯೆಯಿಂದಲೋ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಒಳಗಿದ್ದೀರಿ. ಅಂದರೆ ಕಂಪನಿಯವರು ಒಂದೇ ಸಾರ್ವಜನಿಕ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿದ್ದಾರೆ. ನಿಮ್ಮ ರೂಟರಿನಲ್ಲಿ ಪೋರ್ಟ್ (ಹೊರಗಿನವರು ಒಳಬರುವ ಬಾಗಿಲು) ತೆರೆದರೂ ಮೇಲೆ ಕಂಪನಿಯವರ ಬಾಗಿಲು ಮುಚ್ಚಿಯೇ ಇರುತ್ತದೆ. ಇದು ಗೊತ್ತಿಲ್ಲದೆ ವಾರಗಟ್ಟಲೆ ರೂಟರಿನ ಜೊತೆ ಗುದ್ದಾಡುವವರು ಬಹಳ.

ಹೀಗಿದ್ದರೆ ಮೂರು ದಾರಿ. ತಿಂಗಳಿಗೆ ಇಷ್ಟು ಎಂದು ಕೊಟ್ಟು ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ಸಾರ್ವಜನಿಕ ವಿಳಾಸ) ಕೇಳಬಹುದು, ಎಲ್ಲಕ್ಕಿಂತ ನೆಮ್ಮದಿಯ ದಾರಿ ಇದೇ. ದೂರದ ಕಂಪ್ಯೂಟರುಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಟೇಲ್‌ಸ್ಕೇಲ್ ಹಾಕಿಕೊಂಡರೆ ಖರ್ಚಿಲ್ಲ, ಆದರೆ ಆಡುವ ಪ್ರತಿಯೊಬ್ಬರೂ ಅದನ್ನು ಹಾಕಿಕೊಳ್ಳಬೇಕು. ಪ್ಲೇಇಟ್‌ನಂಥ ಸುರಂಗ ಸೇವೆಯಾದರೆ ಗೆಳೆಯರು ಏನೂ ಹಾಕಿಕೊಳ್ಳಬೇಕಿಲ್ಲ. ಆದರೆ ಆಟದ ಮಾತೆಲ್ಲ ಅವರ ಕಂಪ್ಯೂಟರ್ ಸುತ್ತಿ ಬರುವುದರಿಂದ ಪಿಂಗ್, ಅಂದರೆ ಹೋಗಿ ಬರುವ ವಿಳಂಬ, ಏರುತ್ತದೆ. ಅಪ್‌ಲೋಡ್ ವೇಗ ತಲೆಗೆ 1 ಎಂಬಿಪಿಎಸ್ ಎಂದು ಹಿಡಿದರೆ ಹತ್ತು ಜನರಿಗೆ ಧಾರಾಳ.

ಯಂತ್ರ ಮತ್ತು ಸಾಫ್ಟ್‌ವೇರ್

ಆಫೀಸುಗಳಿಂದ ಹೊರಬಿದ್ದ ಹಳೆಯ ಮಿನಿ ಪಿಸಿ ಸಾಕು. ಎಂಟನೇ ತಲೆಮಾರಿನ ಐ5, 16 ಜಿಬಿ ರ್‍ಯಾಮ್, 256 ಜಿಬಿ ಎಸ್ಎಸ್‌ಡಿ. ಮೈನ್‌ಕ್ರಾಫ್ಟಿನ ಮುಖ್ಯ ಲೆಕ್ಕಾಚಾರ ಒಂದೇ ಕೋರಿನಲ್ಲಿ ನಡೆಯುವುದರಿಂದ ಹೆಚ್ಚು ಕೋರಿಗಿಂತ ವೇಗದ ಕೋರು ಮುಖ್ಯ. ಸರಾಸರಿ 20 ವ್ಯಾಟ್ ಎಳೆದರೆ ತಿಂಗಳಿಗೆ 14 ಯೂನಿಟ್ಟಿನ ಆಸುಪಾಸು.

ಉಬುಂಟು ಸರ್ವರ್ 24.04 ಹಾಕಿ, ಆಟಕ್ಕೆಂದೇ ಬೇರೆ ಬಳಕೆದಾರ ಖಾತೆ ತೆರೆಯಿರಿ. ರೂಟ್ ಖಾತೆಯಲ್ಲಿ ಓಡಿಸಲೇಬೇಡಿ. ಮೈನ್‌ಕ್ರಾಫ್ಟ್ 1.20.5ರಿಂದ 1.21 ಸರಣಿಯವರೆಗೆ ಜಾವಾ 21 ಬೇಕು. ಹಳೆಯ ಜಾವಾ ಇದ್ದರೆ 'ಕ್ಲಾಸ್ ಫೈಲ್ ವರ್ಷನ್ 65' ಎಂಬ ಮಾತಿರುವ ದೋಷ ಬಂದು ಅಲ್ಲೇ ನಿಲ್ಲುತ್ತದೆ. ಸರ್ವರ್ ಫೈಲಿಗೆ ಪೇಪರ್ ಆರಿಸಿ, ಮೂಲ ಸರ್ವರಿಗಿಂತ ಹಗುರ. ಮೊದಲ ಸಲ ಓಡಿಸಿದಾಗ ತಾನಾಗಿ ನಿಲ್ಲುವುದು ದೋಷವಲ್ಲ: ಯೂಲಾ (ಬಳಕೆಯ ಒಪ್ಪಂದ) ಫೈಲಿನಲ್ಲಿ ಫಾಲ್ಸ್ ಇದ್ದದ್ದನ್ನು ಟ್ರೂ ಮಾಡಿ ಮತ್ತೆ ಶುರುಮಾಡಿ.

ಹತ್ತು ಜನರಿಗೆ ಜಾವಾಕ್ಕೆ 6 ಜಿಬಿ ಕೊಡಿ, ಕನಿಷ್ಠ ಮತ್ತು ಗರಿಷ್ಠ ಎರಡಕ್ಕೂ ಅದೇ ಸಂಖ್ಯೆ. ಇದೆಯಲ್ಲ ಎಂದು 14 ಜಿಬಿ ಸುರಿದರೆ ಆಪರೇಟಿಂಗ್ ಸಿಸ್ಟಮ್ಮಿಗೇ ಉಸಿರು ಕಟ್ಟುತ್ತದೆ.

ಸರ್ವರ್ ಸೆಕೆಂಡಿಗೆ 20 ಟಿಕ್ (ಆಟದ ಲೆಕ್ಕಾಚಾರದ ಸುತ್ತು) ನಡೆಸಬೇಕು, ಅಂದರೆ ಒಂದು ಟಿಕ್ಕಿಗೆ 50 ಮಿಲಿಸೆಕೆಂಡ್. ಅದನ್ನು ಮೀರಿದರೆ ಲಾಗಿನಲ್ಲಿ 'ಕಾಂಟ್ ಕೀಪ್ ಅಪ್' ಎಂಬ ಸಾಲು ಕಾಣುತ್ತದೆ, ಒಡೆದ ಕಲ್ಲು ಮತ್ತೆ ಎದ್ದು ಕೂರುತ್ತದೆ. ಸಾಮಾನ್ಯ ಕಾರಣ ವ್ಯೂ ಡಿಸ್ಟೆನ್ಸ್, ಅಂದರೆ ಆಟಗಾರನಿಗೆ ನೆಲ ಕಾಣುವ ದೂರ. ಅದನ್ನು ಚಂಕುಗಳಲ್ಲಿ, ಅಂದರೆ 16 ಗುಣಿಸು 16 ಬ್ಲಾಕಿನ ನೆಲದ ತುಂಡುಗಳಲ್ಲಿ, ಅಳೆಯುತ್ತಾರೆ. 10 ಇಟ್ಟರೆ ಒಬ್ಬ ಆಟಗಾರನ ಸುತ್ತ 21 ಗುಣಿಸು 21, ಅಂದರೆ 441 ಚಂಕ್. 6ಕ್ಕೆ ಇಳಿಸಿದರೆ 169. ಸಿಮ್ಯುಲೇಶನ್ ಡಿಸ್ಟೆನ್ಸ್ (ಪ್ರಾಣಿ, ಬೆಳೆಗಳು ಚಲನೆಯಲ್ಲಿರುವ ದೂರ) 5 ಇರಲಿ. ಹೊಸ ನೆಲ ಹುಟ್ಟಿಸುವುದೇ ದೊಡ್ಡ ಹೊರೆ. ಆದ್ದರಿಂದ ಚಂಕಿ ಪ್ಲಗಿನ್ ಹಾಕಿ 3000 ಬ್ಲಾಕ್ ತ್ರಿಜ್ಯದ ನೆಲವನ್ನು ಯಾರೂ ಇಲ್ಲದ ಹೊತ್ತಿನಲ್ಲಿ ಮೊದಲೇ ತಯಾರಿಸಿ ಇಡಿ.

ರೂಟರಿನಲ್ಲಿ ಈ ಯಂತ್ರಕ್ಕೆ ಬದಲಾಗದ ಒಳ ವಿಳಾಸ ಕೊಟ್ಟು, ಟಿಸಿಪಿ 25565 ಪೋರ್ಟನ್ನು ಅದಕ್ಕೆ ತಿರುಗಿಸಿ. ಮೊಬೈಲಿನಲ್ಲಿ ಆಡುವವರಿಗಾಗಿ ಗೀಸರ್ ಮತ್ತು ಫ್ಲಡ್‌ಗೇಟ್ ಪ್ಲಗಿನ್ ಹಾಕಿ, ಯುಡಿಪಿ 19132 ತೆರೆಯಿರಿ. ದೂರದಿಂದ ಸರ್ವರಿಗೆ ಆಜ್ಞೆ ಕೊಡುವ ಆರ್‌ಕಾನ್‌ನ 25575 ಮಾತ್ರ ಹೊರಗೆ ತೆರೆಯಲೇಬೇಡಿ. ಆನ್‌ಲೈನ್ ಮೋಡ್ (ಆಟಗಾರರ ಖಾತೆ ಅಸಲಿಯೇ ಎಂದು ನೋಡುವುದು) ಟ್ರೂ ಇರಲಿ, ವೈಟ್‌ಲಿಸ್ಟ್ (ಒಳಬರಬಹುದಾದವರ ಪಟ್ಟಿ) ಚಾಲೂ ಇರಲಿ. ಸರಿಯಾಯಿತೇ ಎಂದು ಮನೆಯ ವೈಫೈನಿಂದ ನೋಡಿ ನಿರಾಶರಾಗಬೇಡಿ. ಎಷ್ಟೋ ರೂಟರುಗಳು ಒಳಗಿನಿಂದ ಹೊರ ವಿಳಾಸಕ್ಕೆ ಹೋಗಲು ಬಿಡುವುದಿಲ್ಲ. ಮೊಬೈಲ್ ಡೇಟಾದಿಂದ ಪರೀಕ್ಷಿಸಿ.

ಸಿಡಿಲು, ಸೋಗೆ, ಶೀತ

ಅಡಿಕೆ ಸೋಗೆ ಲೈನಿನ ಮೇಲೆ ಬಿದ್ದರೆ ಕರೆಂಟ್ ಒಮ್ಮೆ ಹೋಗಿ ಸುಮ್ಮನಾಗುವುದಿಲ್ಲ. ಹೋಗುತ್ತದೆ, ಬರುತ್ತದೆ, ಎರಡು ನಿಮಿಷದಲ್ಲಿ ಮತ್ತೆ ಹೋಗುತ್ತದೆ. ಆಟ ತನ್ನ ಲೋಕವನ್ನು 32 ಗುಣಿಸು 32 ಚಂಕುಗಳ ಕಡತಗಳಲ್ಲಿ ಬರೆಯುತ್ತದೆ. ಬರೆಯುವಾಗಲೇ ಯಂತ್ರ ಸತ್ತರೆ ಆ ಚಂಕ್ ಕೆಡುತ್ತದೆ, ಮುಂದಿನ ಸಲ ಸರ್ವರ್ ಅಲ್ಲಿ ಹೊಸ ನೆಲ ಹುಟ್ಟಿಸುತ್ತದೆ. ತಿಂಗಳು ಕೂತು ಕಟ್ಟಿದ ಮನೆಯ ಅರ್ಧ ಗೋಡೆ ಗೆರೆ ಕೊರೆದಂತೆ ಮಾಯವಾಗಿ, ಆ 16 ಗುಣಿಸು 16ರ ಚೌಕದಲ್ಲಿ ಹುಲ್ಲೂ ಮರವೂ ನಿಂತಿರುತ್ತವೆ.

600 ವಿಎ ಯುಪಿಎಸ್ ಒಂದು ಕಡ್ಡಾಯ, ಯುಎಸ್‌ಬಿ ತಂತಿ ಇರುವುದನ್ನೇ ಕೊಳ್ಳಿ. ನಟ್ ಎಂಬ ಉಚಿತ ಸಾಫ್ಟ್‌ವೇರ್ ಆ ತಂತಿಯಿಂದ ಬ್ಯಾಟರಿ ಮಟ್ಟ ಓದಿ, ಕಡಿಮೆಯಾದಾಗ ಯಂತ್ರವನ್ನು ಕ್ರಮವಾಗಿ ಆರಿಸುತ್ತದೆ. ಸರ್ವರನ್ನು ಸಿಸ್ಟಮ್‌ಡಿ (ಉಬುಂಟುವಿನಲ್ಲಿ ಸೇವೆಗಳನ್ನು ಶುರುಮಾಡಿ ನಿಲ್ಲಿಸುವ ವ್ಯವಸ್ಥೆ) ಸೇವೆಯಾಗಿ ಓಡಿಸಿದ್ದರೆ ಆರುವ ಮೊದಲು ಲೋಕವೂ ಉಳಿಯುತ್ತದೆ. ಆಗ ಜಾವಾ 143 ಎಂಬ ಸಂಖ್ಯೆ ಕೊಟ್ಟು ಮುಗಿಯುವುದು ಸಹಜ, ಅದನ್ನು ಯಶಸ್ವಿ ಎಂದೇ ಎಣಿಸುವಂತೆ ಸೇವೆಯ ಫೈಲಿನಲ್ಲಿ ಬರೆಯಿರಿ. ಮನೆಗೆ ಇನ್ವರ್ಟರ್ ಇದ್ದರೆ ಅದರ ಹಿಂದಿನ ಗುಂಡಿ ಯುಪಿಎಸ್ ಮೋಡಿನಲ್ಲಿ ಇರಲಿ. ರೂಟರು ಮತ್ತು ಫೈಬರಿನ ಓಎನ್‌ಟಿಗೂ (ಫೈಬರ್ ಬಂದು ಸೇರುವ ಪೆಟ್ಟಿಗೆ) ಬ್ಯಾಕಪ್ ಕೊಡಲು ಮರೆಯಬೇಡಿ.

ಕರೆಂಟ್ ಬಂದ ಕೂಡಲೇ ತಾನಾಗಿ ಶುರುವಾಗುವ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್) ಆಯ್ಕೆ ಬೇಸಿಗೆಗೆ ಸರಿ. ಮಳೆಗಾಲದಲ್ಲಿ ಬಂದ್ ಮಾಡಿ: ಬ್ಯಾಟರಿ ಖಾಲಿ ಇರುವಾಗ ಯಂತ್ರ ಎದ್ದು, ಮತ್ತೆ ಕರೆಂಟ್ ಹೋದರೆ ಕಾಪಾಡಲು ಏನೂ ಉಳಿದಿರುವುದಿಲ್ಲ. ಅರ್ಧ ಗಂಟೆ ಕಾದು ಕೈಯಿಂದಲೇ ಹಾಕಿ.

ಸಿಡಿಲಿನ ವಿಷಯದಲ್ಲಿ ಏಪ್ರಿಲ್-ಮೇ ತಿಂಗಳು ಅಪಾಯದ ಕಾಲ. ಗುಡುಗು ಜೋರಾಗುವ ಹೊತ್ತಿಗೆ ನಮ್ಮ ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ಸೋತಿರುತ್ತದೆ, ಸರ್ಜ್ ಪ್ರೊಟೆಕ್ಟರ್ ಹೆಚ್ಚುವರಿ ವೋಲ್ಟೇಜನ್ನು ಇಳಿಸಬೇಕಾದದ್ದು ಅದೇ ನೆಲಕ್ಕೆ. ಮಾರ್ಚಿನಿಂದಲೇ ಅರ್ಥ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ, 5 ಓಮ್ ಒಳಗಿರಬೇಕು. ಹಳೆಯ ಮನೆಗಳಲ್ಲಿ ಮೂರನೇ ಪಿನ್ನಿಗೆ ತಂತಿಯೇ ಇಲ್ಲದಿರುವುದೂ ಉಂಟು. ಫೈಬರ್ ಗಾಜಾದರೂ ಅದರ ಜೊತೆ ಬರುವ ಉಕ್ಕಿನ ತಂತಿ ಗಾಜಲ್ಲ. ಅದು ಮನೆಯ ಹೊರಗೇ ಕೊನೆಯಾಗಲಿ. ಕೊಟ್ಟಿಗೆಗೋ ಪಕ್ಕದ ಮನೆಗೋ ಅಂಗಳದ ಮೇಲೆ ಎಳೆದ ಲ್ಯಾನ್ ಕೇಬಲ್ಲು ಸಿಡಿಲನ್ನು ಕರೆದು ತಂದಂತೆ. ಗುಡುಗು ಹತ್ತಿರವಾಯಿತೆಂದರೆ ಸರ್ವರ್ ಆರಿಸಿ ಪ್ಲಗ್ಗನ್ನೇ ಕಿತ್ತಿಡಿ. ನೇರ ಸಿಡಿಲನ್ನು ಯಾವ ಪೆಟ್ಟಿಗೆಯೂ ತಡೆಯುವುದಿಲ್ಲ.

ಜಡಿಮಳೆಯ ದಿನಗಳಲ್ಲಿ ಯಂತ್ರ ಓಡುತ್ತಿರುವುದೇ ಒಳ್ಳೆಯದು, ತನ್ನ ಬಿಸಿಗೆ ತಾನು ಒಣಗಿರುತ್ತದೆ. ವಾರಗಟ್ಟಲೆ ಆರಿಸಿಟ್ಟರೆ ಒಳಗೆ ಶೀತ ಕೂರುತ್ತದೆ. ಬಚ್ಚಲಿನ ಗೋಡೆಗೆ ತಾಗಿಸಿಯಂತೂ ಇಡಬೇಡಿ. ಹಂಡೆ ಒಲೆಯ ಮಸಿ ಫ್ಯಾನಿಗೆ ಅಂಟಿದರೆ ಬಿಡಿಸುವುದು ಕಷ್ಟ. ಇರುವೆ ಗೂಡು ಕಟ್ಟಿದೆಯೇ ಎಂದು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ.

ನಕಲು

ಓಡುತ್ತಿರುವ ಲೋಕವನ್ನು ಹಾಗೇ ನಕಲು ಮಾಡಿದರೆ ಅರ್ಧ ಬರೆದ ಕಡತ ಸಿಗುತ್ತದೆ. ಸರ್ವರಿಗೆ ಮೊದಲು 'ಸೇವ್-ಆಫ್' ಆಜ್ಞೆ ಕೊಡಿ, ನಂತರ 'ಸೇವ್-ಆಲ್ ಫ್ಲಶ್', ಆಮೇಲೆ ನಕಲು, ಕೊನೆಗೆ 'ಸೇವ್-ಆನ್'. ಕೊನೆಯದನ್ನು ಮರೆತರೆ ಅಲ್ಲಿಂದ ಮುಂದೆ ಏನೂ ತಾನಾಗಿ ಉಳಿಯುವುದಿಲ್ಲ, ಹಾಗಾಗಿ ನಾಲ್ಕನ್ನೂ ಒಂದೇ ಸ್ಕ್ರಿಪ್ಟಿನಲ್ಲಿ ಇಟ್ಟು ಬೆಳಗಿನ ಜಾವ 4ಕ್ಕೆ ಓಡಿಸಿ. ಏಳು ದಿನದ ನಕಲು ಯಂತ್ರದಲ್ಲಿರಲಿ, ವಾರಕ್ಕೊಂದು ಬೇರೆ ಡಿಸ್ಕಿಗೆ ಹೋಗಲಿ, ಆ ಡಿಸ್ಕು ಯಾವ ಪ್ಲಗ್ಗಿಗೂ ಸಿಕ್ಕಿಸದೆ ಬೀರುವಿನಲ್ಲಿರಲಿ. ತಿಂಗಳಿಗೊಮ್ಮೆ ಒಂದು ನಕಲನ್ನು ಬೇರೆ ಫೋಲ್ಡರಿನಲ್ಲಿ ಬಿಚ್ಚಿ, ಪೋರ್ಟ್ 25566ಕ್ಕೆ ಬದಲಿಸಿ ಶುರುಮಾಡಿ, ಒಳಗೆ ಹೋಗಿ ಗೆಳೆಯರ ಮನೆಗಳು ಇದ್ದಲ್ಲೇ ಇವೆಯೇ ಎಂದು ಒಂದು ಸುತ್ತು ನೋಡಿ ಬನ್ನಿ.