ನೀರಿನ ಗೆರೆಯಿಂದ ಕೆಳಕ್ಕೆ

ಈಜುಕೊಳದ ಟೈಲ್ಸ್ ಕೆಲಸ ಹಿಡಿದರೆ ಮೊದಲ ಎರಡು ದಿನ ನಾನು ಒಂದು ಬಿಲ್ಲೆಯನ್ನೂ ಅಂಟಿಸುವುದಿಲ್ಲ. ಗೋವಾದ ಶಿವೋಲಿಯಲ್ಲಿ ಈಚೆಗೆ ಮುಗಿಸಿದ ಕೊಳದಲ್ಲೂ ಹಾಗೆಯೇ ಮಾಡಿದೆ. ನನ್ನ ಜೊತೆಗಿದ್ದ ಅಕ್ಕನ ಮಗ ವಿಜಯಪುರದ ಕಡೆಯಿಂದ ಹೊಸದಾಗಿ ಬಂದವನು. "ಮಾವಾ, ಎರಡು ದಿನದ ಪಗಾರ ದಾರ ಕಟ್ಟುವುದರಲ್ಲೇ ಹೋಯಿತಲ್ಲ" ಎಂದು ಪೇಚಾಡಿದ. ಅವನಿಗೆ ನನ್ನ ಮೊದಲ ಕೊಳದ ಕಥೆ ಹೇಳಿದೆ.

ಆಗ ಸ್ನಾನದ ಮನೆಗೆ ಹಾಕುವಂತೆ ತಳದಿಂದ ಆರಂಭಿಸಿ ಮೇಲಕ್ಕೆ ಹೋಗಿದ್ದೆ. ಕಣ್ಣಿಗೆ ಎಲ್ಲವೂ ನೇರವಾಗಿಯೇ ಕಂಡಿತ್ತು. ನೀರು ತುಂಬಿಸಿದ ದಿನ ಒಂದು ತುದಿಯಲ್ಲಿ ಮೂರು ಸಾಲು ಬಿಲ್ಲೆ ನೀರಿನ ಮೇಲಿದ್ದವು, ಇನ್ನೊಂದು ತುದಿಯಲ್ಲಿ ಎರಡೇ. ಎಂಟು ಮೀಟರ್ ಉದ್ದಕ್ಕೆ ಎರಡು ಸೆಂಟಿಮೀಟರ್ ಓರೆ. ಮನೆಯ ಗೋಡೆಯಲ್ಲಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕೊಳದಲ್ಲಿ ನೀರೇ ಮಟ್ಟಗೋಲು. ನೀರು ಖಾಲಿ ಮಾಡಿಸಿ, ಮೇಲಿನ ಸಾಲುಗಳನ್ನು ಕಿತ್ತು, ಸ್ವಂತ ಖರ್ಚಿನಲ್ಲಿ ಮತ್ತೆ ಹಾಕಿಕೊಟ್ಟೆ.

ಅಂದಿನಿಂದ ನನ್ನ ಅಳತೆ ಮೇಲಿನಿಂದಲೇ ಶುರು. ನೀರನ್ನು ಎಳೆದುಕೊಳ್ಳುವ ಸ್ಕಿಮ್ಮರ್ ಬಾಯಿ ಕಾಂಕ್ರೀಟಿನಲ್ಲೇ ಕೂತಿರುತ್ತದೆ, ಅದನ್ನು ಸರಿಸಲಾಗದು. ನೀರು ಅದರ ಬಾಯಿಯ ನಡುಮಟ್ಟಕ್ಕೆ ನಿಲ್ಲಬೇಕು. ಅಲ್ಲಿ ಗುರುತು ಮಾಡಿ, ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪಿನಿಂದ ಸುತ್ತಲೂ ಎಂಟು ಕಡೆ ಅದೇ ಮಟ್ಟವನ್ನು ಒಯ್ಯುತ್ತೇನೆ. ಪೈಪಿನಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ ಉಳಿದರೂ ಲೆಕ್ಕ ತಪ್ಪೀತು. ಹಾಗಾಗಿ ಮೊದಲು ಎರಡೂ ತುದಿಗಳನ್ನು ಜೋಡಿಸಿ ಹಿಡಿದು, ನೀರು ಒಂದೇ ಮಟ್ಟದಲ್ಲಿದೆಯೇ ಎಂದು ನೋಡುತ್ತೇನೆ. ನಡೆಯುವಾಗ ತುದಿಗೆ ಹೆಬ್ಬೆರಳು ಒತ್ತಿರಬೇಕು. ಕೊನೆಯ ಗುರುತಿನಿಂದ ಮೊದಲ ಗುರುತಿಗೆ ಮರಳಿ ಬಂದಾಗ ಎರಡೂ ಕೂಡಿದರೆ ಮಾತ್ರ ನೀಲಿ ಪುಡಿ ಹಚ್ಚಿದ ದಾರದಿಂದ ಗೆರೆ ಹೊಡೆಯುತ್ತೇನೆ.

ಇನ್ನು ಬಿಲ್ಲೆಯ ಲೆಕ್ಕ. ಶಿವೋಲಿಯಲ್ಲಿ ಬಂದದ್ದು 20 ಮಿಲಿಮೀಟರ್ ಗಾಜಿನ ಮೊಸಾಯಿಕ್, ಸಂದು 2 ಮಿಲಿಮೀಟರ್. ಡಬ್ಬಿಯ ಮೇಲೆ ಬರೆದ ಅಳತೆಯನ್ನು ನಾನು ನಂಬುವುದಿಲ್ಲ; ಬೇರೆ ಬೇರೆ ಡಬ್ಬಿಗಳಿಂದ, ಬಿಲ್ಲೆಗಳನ್ನು ಒಟ್ಟಿಗೆ ಅಂಟಿಸಿದ ಹತ್ತು ಶೀಟ್ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟು ಅಳೆಯುತ್ತೇನೆ. ಆಮೇಲೆ ಅಲ್ಯೂಮಿನಿಯಂ ಪಟ್ಟಿಯೊಂದಕ್ಕೆ ಪ್ರತಿ 22 ಮಿಲಿಮೀಟರಿಗೆ ಗೀಟು ಎಳೆದು ಅಳತೆಕೋಲು ಮಾಡಿಕೊಳ್ಳುತ್ತೇನೆ. ಕೊಳದ ಅಗಲ 4 ಮೀಟರ್. ಅಷ್ಟರಲ್ಲಿ 181 ಇಡೀ ಬಿಲ್ಲೆ ಕೂರುತ್ತವೆ. ಮೂಲೆಯ ಸಂದೂ ಸೇರಿ 3984 ಮಿಲಿಮೀಟರ್. ಉಳಿದ 16ಕ್ಕೆ ತುಂಡು ಕತ್ತರಿಸಿ ತುರುಕುವವರಿದ್ದಾರೆ. ಮೂಲೆಯಲ್ಲಿ ಗಾಜಿನ ಚೂರು ಅಸಹ್ಯವಾಗಿ ಕಾಣುತ್ತದೆ, ಈಜುವವರ ಕೈಕಾಲಿಗೂ ತಾಗುತ್ತದೆ. ನಾನು ಪ್ಲಾಸ್ಟರನ್ನೇ ಎರಡೂ ಕಡೆ 8 ಮಿಲಿಮೀಟರ್ ದಪ್ಪ ಮಾಡಿಸಿದೆ. ಬಿಲ್ಲೆಗೆ ತಕ್ಕಂತೆ ಗೋಡೆ ಬರಬೇಕು. ಅದಕ್ಕೇ ಈ ಲೆಕ್ಕವೆಲ್ಲ ಪ್ಲಾಸ್ಟರಿಗೆ ಮೊದಲೇ ಮುಗಿಯಬೇಕು, ಅಂಟು ಮತ್ತು ಬಿಲ್ಲೆಯ ದಪ್ಪವನ್ನೂ ಕಳೆದುಕೊಂಡು. ಆಳಕ್ಕೂ ಇದೇ ಕ್ರಮ: ನೀರಿನ ಗೆರೆಯಿಂದ ಕೆಳಕ್ಕೆ ಎಣಿಸುತ್ತಾ ಹೋಗಿ, ಹೆಚ್ಚುಕಡಿಮೆಯನ್ನು ತಳದ ಗಾರೆಯಲ್ಲಿ ಸರಿದೂಗಿಸುವುದು.

ಮೂಲೆಮಟ್ಟ ನೋಡಲು ಕರ್ಣ ಅಳೆದರಾಯಿತು. ಎಂಟಕ್ಕೆ ನಾಲ್ಕರ ಕೊಳದಲ್ಲಿ ಎರಡೂ ಕರ್ಣ 8 ಮೀಟರ್ 94 ಸೆಂಟಿಮೀಟರ್ ಬರಬೇಕು. ದೀಪದ ಗೂಡು, ನೀರು ಬರುವ ನಳಿಕೆ, ತಳದ ಜಾಲರಿ ಇವುಗಳ ನಡುಬಿಂದು ಬಿಲ್ಲೆಯ ನಡುವಿಗೋ ಸಂದಿಗೋ ಬೀಳುವಂತೆ ಆಗಲೇ ಗುರುತು ಹಾಕಿಬಿಡುತ್ತೇನೆ.

ಶೀಟ್ ಕೊಳ್ಳುವಾಗ ಹಿಂದೆ ಜಾಲರಿ ಇರುವುದಕ್ಕಿಂತ ಮುಂದೆ ಕಾಗದ ಅಂಟಿಸಿರುವುದನ್ನೇ ಕೇಳುತ್ತೇನೆ. ಬಿಲ್ಲೆಯ ಬೆನ್ನು ಪೂರ್ತಿ ಅಂಟಿಗೆ ಸಿಗುತ್ತದೆ. ಕಾಗದವನ್ನು ನೆನೆಸಿ ಸುಲಿದಾಗ ಶೀಟಿಗೂ ಶೀಟಿಗೂ ನಡುವಿನ ಸಂದು ಎದ್ದು ಕಾಣುತ್ತಿದ್ದರೆ, ಅಂಟು ಹಸಿಯಿರುವಾಗಲೇ ಬಿಲ್ಲೆಗಳನ್ನು ಒಂದೊಂದಾಗಿ ಸರಿಸಬಹುದು. ಹುಡುಗನಿಗೆ ಈ ಕೆಲಸ ಬಹಳ ಬೇಗ ಕೈಗೆ ಹತ್ತಿತು, ಕಣ್ಣು ಚುರುಕು.

ಸಂದಿಗೆ ತುಂಬಿದ ಗ್ರೌಟ್ ಒಣಗಿ ಎರಡು ವಾರ ಕಳೆದ ಮೇಲೆ ನಿಧಾನವಾಗಿ ನೀರು ಬಿಟ್ಟೆವು. ಗೆರೆ ಹತ್ತಿರವಾದಾಗ ಅವನು ಒಂದು ಮೂಲೆಯಲ್ಲಿ, ನಾನು ಎದುರು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆವು. "ಮಾವಾ, ಇಲ್ಲಿ ಮುಟ್ಟಿತು" ಎಂದು ಕೂಗಿದ. ನನ್ನ ಕಡೆಯೂ ಮುಟ್ಟಿತ್ತು.

ಮಿಕ್ಕ ಒಂದು ಡಬ್ಬಿ ಬಿಲ್ಲೆ ಮತ್ತು ಅಳತೆಕೋಲನ್ನು ಪಂಪಿನ ಕೋಣೆಯಲ್ಲೇ ಇಟ್ಟು ಬಂದಿದ್ದೇನೆ. ಮುಂದೆ ರಿಪೇರಿಗೆ ಬೇಕಾದಾಗ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.